ಒಂದಂಗುಲದ ಪಲ್ಯೋಪಮ

ನನ್ನ ಹೆಂಡತಿ ಕಂಚನಳ ಪ್ರಕಾರ ಜಗತ್ತಿನಲ್ಲಿ ಇರುವುದು ಮೂರೇ ಸಂಖ್ಯೆಗಳು: ಸಾಲದು, ಸಾಕು, ಅತಿಯಾಯಿತು. ಹಿಟ್ಟು ಸಾಲದು, ಚಹಾ ಸಾಕು, ನಾನು ಅತಿಯಾಯಿತು. ನಲವತ್ತೇಳು ವರ್ಷದ ಸಂಸಾರದಲ್ಲಿ ಅವಳು ನಾಲ್ಕನೆಯದೊಂದನ್ನು ಬಳಸಿದ್ದು ನಾನು ಕೇಳಿಲ್ಲ. (ನಮ್ಮ ಜೈನ ಆಗಮಗಳೂ ಸಂಖ್ಯೆಗಳನ್ನು ಮೂರೇ ಗುಂಪು ಮಾಡಿವೆ: ಸಂಖ್ಯಾತ, ಅಸಂಖ್ಯಾತ, ಅನಂತ. ಇದನ್ನು ಅವಳಿಗೆ ಹೇಳುವ ತಪ್ಪನ್ನು ಒಮ್ಮೆ ಮಾಡಿದೆ. ಅಂದಿನಿಂದ ಆಗಮಗಳು ತನ್ನ ಕಡೆಗಿವೆ ಎಂದು ಅವಳು ತೀರ್ಮಾನಿಸಿದ್ದಾಳೆ.)

ಇಂಥವಳ ಗಂಡನಾದ ನಾನು ಗುಜರಾತಿನ ಖಂಭಾತದ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು. ನಿವೃತ್ತನಾದ ಮೇಲೆ ನಮ್ಮ ಓಣಿಯ ಜೈನ ಪಾಠಶಾಲೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕಾಲಗಣನೆ ಹೇಳಿಕೊಡುತ್ತೇನೆ. ಬೇರೆಯವರ ಎಣಿಕೆ ಲಕ್ಷ, ಕೋಟಿ ಎನ್ನುವಷ್ಟರಲ್ಲಿ ಏದುಸಿರು ಬಿಡುತ್ತದೆ. ನಮ್ಮದು ಅಲ್ಲಿಂದ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತದೆ. ಎಂಬತ್ತನಾಲ್ಕು ಲಕ್ಷ ವರ್ಷವಾದರೆ ಒಂದು ಪೂರ್ವಾಂಗ. ಅಂಥ ಎಂಬತ್ತನಾಲ್ಕು ಲಕ್ಷ ಪೂರ್ವಾಂಗವಾದರೆ ಒಂದು ಪೂರ್ವ. ಹೀಗೆ ಒಂದೊಂದು ಮೆಟ್ಟಿಲಿಗೂ ಎಂಬತ್ತನಾಲ್ಕು ಲಕ್ಷದಿಂದ ಗುಣಿಸಿಕೊಂಡು ತ್ರುಟಿತ, ಅಡಡ, ಅವವ, ಹೂಹೂಕ, ಉತ್ಪಲ, ಪದ್ಮ, ನಲಿನ ಎಂದು ಏರುತ್ತ ಹೋದರೆ ಇಪ್ಪತ್ತೆಂಟನೆಯ ಮೆಟ್ಟಿಲಿನಲ್ಲಿ ಶೀರ್ಷಪ್ರಹೇಲಿಕಾ ಸಿಗುತ್ತದೆ. ಮಕ್ಕಳಿಗೆ ಇವುಗಳಲ್ಲಿ ಹೂಹೂಕದ ಮೇಲೆ ಅಪಾರ ಪ್ರೀತಿ. ಪಾಠ ಮುಗಿದ ಮೇಲೆ ಓಣಿಯ ಉದ್ದಕ್ಕೂ ಹೂಹೂಕ ಎಂದು ಕೂಗಿಕೊಂಡು ಓಡುತ್ತಾರೆ. ಅದಕ್ಕೆ ನಾಯಿಗಳು ಉತ್ತರ ಕೊಡುತ್ತವೆ.

ಶೀರ್ಷಪ್ರಹೇಲಿಕಾವನ್ನು ಅಂಕಿಯಲ್ಲಿ ಬರೆದರೆ ಐವತ್ತನಾಲ್ಕು ಅಂಕಿ, ಮುಂದೆ ನೂರನಲವತ್ತು ಸೊನ್ನೆ. ಹೋದ ವರ್ಷ ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನು ಅಂಟಿಸಿ ಅದನ್ನು ಪೂರ್ತಿ ಬರೆದಿದ್ದೆ. ನಾಲ್ಕು ದಿನದ ಕೆಲಸ. ಐದನೆಯ ದಿನ ಅದು ಅಡುಗೆಮನೆಯ ಕಪಾಟಿಗೆ ಹಾಸಾಗಿತ್ತು. ಈಗಲೂ ನಮ್ಮ ಅರಿಸಿನದ ಡಬ್ಬಿ ಮೂವತ್ತೊಂದನೆಯ ಸೊನ್ನೆಯ ಮೇಲೆ ಕೂತಿದೆ.

"ಅಷ್ಟು ಸೊನ್ನೆ ಇಟ್ಕೊಂಡು ಏನ್ಮಾಡ್ತೀರಿ?" ಎಂದಿದ್ದಳು ಕಂಚನ. "ಒಂದಾದ್ರೂ ಉಪಯೋಗಕ್ಕೆ ಬರ್ಲಿ."

ಈ ಶೀರ್ಷಪ್ರಹೇಲಿಕಾ ದಾಟಿದರೆ ಮುಂದೆ ಹೆಸರುಗಳಿಲ್ಲ. ಕಾಲವಿದೆ, ಹೆಸರಿಲ್ಲ. ಅಲ್ಲಿಂದಾಚೆಗೆ ನಮ್ಮ ಹಿರಿಯರು ಹೋಲಿಕೆ ಕೊಟ್ಟು ಹೇಳಿದರು. ಒಂದು ಯೋಜನ ಉದ್ದ, ಒಂದು ಯೋಜನ ಅಗಲ, ಅಷ್ಟೇ ಆಳದ ಒಂದು ಗುಂಡಿ. ಅದರಲ್ಲಿ ಒಂದರಿಂದ ಏಳು ದಿನದೊಳಗಿನ ಶಿಶುಗಳ ಕೂದಲನ್ನು ಸಣ್ಣದಾಗಿ ಕತ್ತರಿಸಿ ತುಂಬಬೇಕು. ಎಷ್ಟು ಒತ್ತಾಗಿ ಎಂದರೆ ಬೆಂಕಿ ಸುಡಬಾರದು, ನೀರು ಇಳಿಯಬಾರದು, ಗಾಳಿ ಹಾರಿಸಬಾರದು. ಆಮೇಲೆ ನೂರು ವರ್ಷಕ್ಕೊಮ್ಮೆ ಒಂದೇ ಒಂದು ಚೂರು ತೆಗೆಯುತ್ತ ಹೋಗಬೇಕು. ಗುಂಡಿ ಬರಿದಾಗುವಷ್ಟು ಕಾಲಕ್ಕೆ ಪಲ್ಯೋಪಮ ಎಂದು ಹೆಸರು. ಮೂವತ್ತು ಮಕ್ಕಳಿಗೆ ನಾನು ಇದನ್ನು ನೂರು ಸಲ ಹೇಳಿದ್ದೇನೆ. ನೂರು ಸಲವೂ ಅವರು ಆಕಳಿಸಿದ್ದಾರೆ.

ಹಾಗಾಗಿ ಕಳೆದ ದೀಪಾವಳಿಗೆ ಮೊದಲು ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು.

"ಏನ್ರೀ, ಮುಖ ಯಾಕೆ ಹಂಗೆ ಬೆಳಗ್ತಿದೆ?" ಎಂದಳು ಕಂಚನ. "ಮನೇಲಿ ಏನಾದ್ರೂ ಬಿಚ್ಚಿ ಹಾಕೋ ಯೋಚ್ನೆನಾ?"

"ಜ್ಞಾನಪಂಚಮಿಗೆ ಪಾಠಶಾಲೇಲಿ ಪ್ರದರ್ಶನ ಇಡ್ತಾರಲ್ಲ. ಪಲ್ಯೋಪಮನ ಕಣ್ಣಿಗೆ ಕಾಣೋ ಹಂಗೆ ಮಾಡಿ ಇಡ್ತೀನಿ."

"ಯೋಜನದಗಲ ಗುಂಡಿ ತೋಡ್ತೀರಾ? ಅಂಗಳದಲ್ಲಿ ನನ್ನ ಸೀರೆ ಒಣಗೋಕೇ ಜಾಗ ಇಲ್ಲ."

"ಒಂದು ಅಂಗುಲದ್ದು ಕಣೆ. ಹಿತ್ತಾಳೆ ಬಟ್ಟಲು. ಅದರಲ್ಲಿ ಎಷ್ಟು ಹಿಡಿಯುತ್ತೆ ಅಂತ ಎಣಿಸಿ, ಆಮೇಲೆ ಗುಣಿಸಿದ್ರಾಯ್ತು."

"ಒಳಗೇನು ತುಂಬ್ತೀರಿ?"

"ಶಾಸ್ತ್ರದಲ್ಲಿ ಏನು ಹೇಳಿದೆಯೋ ಅದೇ. ಏಳು ದಿನದೊಳಗಿನ ಮಗೂದು ಕೂದಲು."

ಕಂಚನ ಆಗ ತವೆಯ ಮೇಲೆ ಖಾಖರಾ ಎಂಬ ತೆಳು ರೊಟ್ಟಿಯನ್ನು ಒತ್ತಿ ಒತ್ತಿ ಬೇಯಿಸುತ್ತಿದ್ದಳು. ಅವಳ ಕೈ ನಿಂತಿತು. ಖಾಖರಾ ಕರಟಿತು. ನಲವತ್ತೇಳು ವರ್ಷದಲ್ಲಿ ಅವಳ ಕೈಯಲ್ಲಿ ಖಾಖರಾ ಕರಟಿದ್ದು ಅದೇ ಮೊದಲು. ನಾನು ಅದನ್ನು ಗಮನಿಸಿದೆ. ಗಮನಿಸಿ "ಕರಟಿತು" ಎಂದೂ ಹೇಳಿದೆ.

"ಕುರಿ ಉಣ್ಣೆ ಹಾಕಿ," ಎಂದಳು ಅವಳು, ತವೆಯ ಕಡೆ ನೋಡುತ್ತ. "ಮಗೂ ಕೂದಲಿನ ಸುದ್ದಿಗೆ ಹೋಗ್ಬೇಡಿ."

ನಾನು ಹೋದೆ. ಎದುರು ಮನೆಯ ಮಧುಕಾಂತಾಬೆನ್‌ಗೆ ನಾಲ್ಕು ದಿನದ ಹಿಂದೆ ಮೊಮ್ಮಗಳು ಹುಟ್ಟಿದ್ದಳು. ಮಗುವಿನ ತಲೆ ತುಂಬ ಕೂದಲು ಎಂದು ಅವರೇ ಓಣಿಗೆಲ್ಲ ಹೇಳಿಕೊಂಡಿದ್ದರು. ನಾನು ವಿನಯದಿಂದ, ಒಂದು ಲಕೋಟೆಯನ್ನೂ ಒಯ್ದು, ಹದಿನೈದು ಕೂದಲು ಕೊಟ್ಟರೆ ಸಾಕು ಎಂದು ಕೇಳಿದೆ.

"ಅಮುಲಖಭಾಯ್," ಎಂದರು ಮಧುಕಾಂತಾಬೆನ್, ಒಳಬಾಗಿಲಿಗೆ ಅಡ್ಡ ನಿಂತು. "ಈ ವಿದ್ಯೆ ಎಲ್ಲ ಯಾವಾಗಿಂದ ಶುರು ಮಾಡಿದ್ರಿ?"

"ವಿದ್ಯೆ ಅಲ್ಲ ಬೆನ್, ಗಣಿತ."

"ಗಣಿತಕ್ಕೆ ಎಳೇ ಮಕ್ಳ ಕೂದಲು ಯಾಕಪ್ಪಾ? ಮುಂದೆ ಉಗುರು ಕೇಳ್ತೀರಾ, ನಿಂಬೆಹಣ್ಣು ಕೇಳ್ತೀರಾ?"

ಅಂದು ಮಧ್ಯಾಹ್ನದೊಳಗೆ ಓಣಿಯ ಕೂಸುಗಳೆಲ್ಲ ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಂಡಿದ್ದವು. ಕೆನ್ನೆಯ ದೃಷ್ಟಿಬೊಟ್ಟುಗಳು ಒಂದು ರೂಪಾಯಿ ನಾಣ್ಯದಷ್ಟಾಗಿದ್ದವು. ನಾನು ನಡೆದು ಬಂದರೆ ತಾಯಂದಿರು ತೊಟ್ಟಿಲು ತಿರುಗಿಸುತ್ತಿದ್ದರು.

ಸೋತು ಊರಾಚೆಯ ರಬಾರಿ ಕುರಿಗಾರರ ಹಟ್ಟಿಗೆ ಹೋಗಿ ಕುರಿಮರಿಯ ಉಣ್ಣೆ ತಂದೆ. ಅಲ್ಲೂ ನಾನು ಅಚ್ಚುಕಟ್ಟಿನ ಮನುಷ್ಯ. ಬಿಳಿಯದನ್ನು ಕೊಡಲು ಬಂದವಳಿಗೆ ಬೇಡ ಎಂದೆ. ಮೃದುವಾದ, ಎಳೆ ಮಗುವಿನ ಕೂದಲಿನಂತೆಯೇ ಕಾಣುವ ಕಂದುಗಪ್ಪು ಬಣ್ಣದ್ದೇ ಆಗಬೇಕೆಂದು ಅರ್ಧ ದಿನ ಆರಿಸಿದೆ. ಈ ಅರ್ಧ ದಿನಕ್ಕೆ ಈಗ ನಾನು ದಂಡ ಕಟ್ಟುತ್ತಿದ್ದೇನೆ.

ಪ್ರದರ್ಶನಕ್ಕೆ ಎರಡು ದಿನ ಇರುವಾಗ, ಬಟ್ಟಲಿನ ಪಕ್ಕ ಇಡಲು ಬೆಳ್ಳಿಯದೇನಾದರೂ ಇದ್ದರೆ ಚೆನ್ನಾಗಿರುತ್ತದೆಂದು ಕಂಚನಳ ಬೀರು ತೆಗೆದೆ. (ಅವಳು ದೇರಾಸರಕ್ಕೆ, ಅಂದರೆ ನಮ್ಮ ಬಸದಿಗೆ, ಪೂಜೆಗೆ ಹೋಗಿದ್ದಳು. ಬೀರುವಿನ ಬೀಗದ ಕೈ ಎಲ್ಲಿರುತ್ತದೆಂದು ನನಗೆ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಾಳೆ.) ಮದುವೆಯ ಪಾನೇತರ್ ಸೀರೆಯ ಮಡಿಕೆಯ ಹಿಂದೆ ಒಂದು ಬೆಳ್ಳಿಯ ಕುಂಕುಮದ ಭರಣಿ ಸಿಕ್ಕಿತು. ಮುಚ್ಚಳ ತೆಗೆದರೆ ಕುಂಕುಮವಿಲ್ಲ. ಮಲ್ ಬಟ್ಟೆಯ ತುಂಡಿನೊಳಗೆ, ಕೆಂಪು ದಾರದಲ್ಲಿ ಕಟ್ಟಿದ ಒಂದು ಸಣ್ಣ ಕೂದಲ ಕುಚ್ಚು.

ಮಗುವಿನ ಕೂದಲೆಂದು ನೋಡಿದ ಕೂಡಲೇ ತಿಳಿಯಿತು. ನಮ್ಮ ಮಗ ಹಸಮುಖನ ಚೌಲದ್ದಿರಬೇಕು ಎಂದುಕೊಂಡೆ. ಹಸಮುಖನ ಚೌಲ ಆದದ್ದು ಮೂರನೆಯ ವರ್ಷದಲ್ಲಿ. ಆಗ ಅವನ ಕೂದಲು ತೆಂಗಿನ ನಾರಿನಂತಿತ್ತು, ಎರಡು ಕತ್ತರಿ ಮೊಂಡಾಗಿದ್ದವು. ಇದು ಮುಟ್ಟಿದರೆ ಮುಟ್ಟಿದ್ದು ತಿಳಿಯದಷ್ಟು ಮೃದು. ಶಾಲೆಯ ಪ್ರಯೋಗಾಲಯದಿಂದ ಸ್ಕ್ರೂಗೇಜ್ ತಂದು ಒಂದೊಂದರ ದಪ್ಪ ಅಳೆದೆ. ಎಣಿಸಿದೆ: ಇನ್ನೂರ ಹದಿಮೂರು. ದಪ್ಪ ಬರೆದುಕೊಂಡೆ, ಉದ್ದ ಬರೆದುಕೊಂಡೆ. ಯಾರದೆಂದು ಕೇಳಲಿಲ್ಲ.

ಒಂದೊಂದನ್ನೂ ಎಂಟು ಚೂರು ಮಾಡಿದೆ. ಸಾವಿರದ ಏಳುನೂರ ನಾಲ್ಕು ಚೂರು. ಅವು ಬಟ್ಟಲಿನ ತಳಕ್ಕೂ ಸಾಲದಾದ್ದರಿಂದ ಉಣ್ಣೆಯನ್ನೂ ಅಷ್ಟೇ ಸಣ್ಣಗೆ ಕತ್ತರಿಸಿ, ಎರಡನ್ನೂ ಹದವಾಗಿ ಬೆರೆಸಿ, ಏಲಕ್ಕಿ ಕುಟ್ಟುವ ಗುಂಡಿನಿಂದ ಒತ್ತಿ ಒತ್ತಿ ತುಂಬಿದೆ.

ಜ್ಞಾನಪಂಚಮಿಯ ಬೆಳಿಗ್ಗೆ ಪಾಠಶಾಲೆಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಗ್ರಂಥಗಳ ಪೂಜೆ, ಇನ್ನೊಂದು ಕಡೆ ಮಕ್ಕಳ ಚಿತ್ರಗಳು, ನಡುವೆ ನನ್ನ ಮೇಜು. ಬಟ್ಟಲಿನ ಮುಂದೆ ‘ಪಲ್ಯೋಪಮ, ಅಳತೆ ಒಂದು ಅಂಗುಲ’ ಎಂದು ಚೀಟಿ. ಪಕ್ಕದಲ್ಲಿ ಬೆಳ್ಳಿಯ ಭರಣಿ. ಅದರ ಮುಂದೆ ‘ಶಿಶುಕೇಶ’ ಎಂದು ಚೀಟಿ. ಅದನ್ನು ನೋಡಿ ಮಧುಕಾಂತಾಬೆನ್ ತಮ್ಮ ಸೊಸೆಯ ಕಿವಿಯಲ್ಲಿ ಏನೋ ಹೇಳಿದರು.

ಬೆಂಕಿಯ ಪರೀಕ್ಷೆಗೆ ಚಾತುರ್ಮಾಸಕ್ಕೆಂದು ನಮ್ಮ ಓಣಿಯಲ್ಲಿ ತಂಗಿದ್ದ ಸಾಧ್ವೀಜಿ ಒಪ್ಪಿರಲಿಲ್ಲ. ನೀರಿನದಕ್ಕೂ ಇಲ್ಲ. ಉಳಿದದ್ದು ಗಾಳಿ. ಅವರು ಗೋಚರಿಗೆಂದು, ಅಂದರೆ ಆಹಾರದ ಭಿಕ್ಷೆಗೆ, ಮನೆಮನೆಗೆ ಹೋದ ಹೊತ್ತು ನೋಡಿ ನಾನು ಮೇಜಿನ ಕೆಳಗಿಂದ ಫ್ಯಾನ್ ಹೊರತೆಗೆದೆ.

"ಮಕ್ಕಳೇ," ಎಂದೆ. "ಪ್ರಳಯದ ಗಾಳಿ ಬೀಸಿದರೂ ಇದರಲ್ಲಿ ಒಂದು ಚೂರೂ ಅಲುಗೋದಿಲ್ಲ!"

ಅಷ್ಟರಲ್ಲಿ ಕಂಚನ ಪೂಜೆಯ ತಟ್ಟೆ ಹಿಡಿದು ಒಳಗೆ ಬಂದಳು. ಅವಳ ಕಣ್ಣು ನನ್ನ ಮೇಲೆ ಬಿತ್ತು, ಫ್ಯಾನಿನ ಮೇಲೆ ಬಿತ್ತು, ಭರಣಿಯ ಮೇಲೆ ಬಿದ್ದು ಅಲ್ಲೇ ನಿಂತಿತು.

"ಬೇಡ ರೀ."

ಕರೆಂಟು ಹಾಕುವುದೂ ಜೀವಹಿಂಸೆಯೇ ಎಂದು ಪಾಪಕ್ಕೆ ಹೆದರಿದಳು ಎಂದುಕೊಂಡೆ.

"ಸಾಧ್ವೀಜಿ ಇಲ್ಲ ಕಣೆ. ಪಾಪ ಏನಿದ್ರೂ ನನ್ನ ತಲೆ ಮೇಲೆ."

"ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ."

ಫ್ಯಾನಿನ ಗುಂಡಿಯನ್ನು ಮೂರನೆಯ ನಂಬರಿಗೆ ಒತ್ತಿದೆ.

ಏಲಕ್ಕಿ ಗುಂಡಿನ ಒತ್ತು ಶಾಸ್ತ್ರದ ಒತ್ತಿಗೆ ಸಮನಲ್ಲ ಎಂಬುದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಸಿದ್ಧವಾಯಿತು. ಬಟ್ಟಲಿನಿಂದ ಒಂದು ಕಂದು ಮೋಡ ಎದ್ದಿತು. ಮಧುಕಾಂತಾಬೆನ್ ಮೇಲೆ, ಗ್ರಂಥಗಳ ಮೇಲೆ, ಪೂಜೆಯ ಬಾದಾಮಿಯ ಮೇಲೆ, ನನ್ನ ಬಾಯೊಳಗೆ. ಮಕ್ಕಳು ಮೂವತ್ತೂ ಜನ ಒಟ್ಟಿಗೆ ಹೂಹೂಕ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಪಲ್ಯೋಪಮದ ಪಾಠಕ್ಕೆ ಅವರು ಆಕಳಿಸದಿದ್ದದ್ದು ಅದೇ ಮೊದಲು.

ಕಂಚನಳ ತಟ್ಟೆ ಕೆಳಗೆ ಬಿತ್ತು.

"ಯಾರೂ ಕಾಲಿಡ್ಬೇಡಿ!"

ನಮ್ಮ ಜನಕ್ಕೆ ಹೀಗೆ ನಿಲ್ಲುವುದು ಅಭ್ಯಾಸ. ಒಂದು ಇರುವೆ ಸಾಲು ಕಂಡರೂ ಇಡೀ ಮೆರವಣಿಗೆ ಒಂಟಿ ಕಾಲಲ್ಲಿ ನಿಂತುಬಿಡುತ್ತದೆ. ಎಲ್ಲರೂ ಇದ್ದಲ್ಲೇ ಕಲ್ಲಾದರು. ಕಂಚನ ಮೊಣಕಾಲೂರಿ ನೆಲದ ಮೇಲೆ ಅಂಗೈ ಆಡಿಸತೊಡಗಿದಳು. ಯಾವ ಜೀವ ಎಂದು ಕೇಳದೆ ಉಳಿದ ಹೆಂಗಸರೂ ಕೂತರು. ಸಾಮಾಯಿಕದ ಧ್ಯಾನಕ್ಕೆಂದು ತಂದಿದ್ದ ಚರವಳಾಗಳನ್ನು ಬಿಚ್ಚಿ, ಗೋಡೆಯ ಮೂಲೆಯಿಂದ ನಡುವಿನವರೆಗೆ, ಒಂದೂ ತಪ್ಪದಂತೆ ಗುಡಿಸಿ ತಂದು ಬಟ್ಟಲಿಗೆ ಹಾಕಿದರು. ಚರವಳಾ ಎಂದರೆ ಜೀವಿಗಳಿಗೆ ನೋವಾಗದಂತೆ ಉಣ್ಣೆಯ ಎಳೆಗಳಿಂದ ಕಟ್ಟಿದ ಪೊರಕೆ. ಗುಡಿಸಿದಷ್ಟೂ ಅದು ತನ್ನ ಪಾಲಿನ ಉಣ್ಣೆಯನ್ನೂ ಧಾರಾಳವಾಗಿ ಉದುರಿಸಿತು. ಹಾರಿಹೋದದ್ದು ಒಂದು ಬಟ್ಟಲು, ವಾಪಸು ಬಂದದ್ದು ಎರಡು. ಕಾಲ ಕಳೆದಂತೆ ಹೆಚ್ಚಿದ ಪಲ್ಯೋಪಮ ನನ್ನದೊಂದೇ ಇರಬೇಕು.

ಮನೆಗೆ ಬಂದು ಉಯ್ಯಾಲೆಯ ಮೇಲೆ ಕೂತೆವು. ಎರಡು ಬಟ್ಟಲುಗಳನ್ನೂ ಅವಳು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಅದು ಹಸಮುಖಂದಲ್ಲ."

"ಗೊತ್ತಾಯ್ತು," ಎಂದೆ. ಅವಳು ನೆಲದ ಮೇಲೆ ಕೈಯಾಡಿಸುವುದನ್ನು ನೋಡಿದಾಗಲೇ ಗೊತ್ತಾಗಿತ್ತು. ಹಸಮುಖನಿಗಿಂತ ಮೊದಲು ನಮಗೊಬ್ಬ ಮಗಳು ಹುಟ್ಟಿದ್ದಳು. ನಲವತ್ತನಾಲ್ಕು ವರ್ಷದ ಹಿಂದೆ. ಏಳು ದಿನ ಇದ್ದಳು. ನಾನು ಆಗ ವಡೋದರಾದಲ್ಲಿ ಬೋರ್ಡಿನ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವಳನ್ನು ನಾನು ನೋಡಲಿಲ್ಲ.

"ಆರನೇ ದಿನ ನಿಮ್ಮ ಅಕ್ಕ ಹೆಸರಿಡೋಕೆ ಅಂತ ಹೊಸ ಸೀರೆ ಉಟ್ಟು ಬಂದಿದ್ರು," ಎಂದಳು ಕಂಚನ. ನಮ್ಮಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು. "ಅಷ್ಟರಲ್ಲಿ ನಿಮ್ಮ ಕಾಗದ ಬಂತು. ‘ಹೆಸರು ಇಡ್ಬೇಡಿ. ಭಾನುವಾರ ಬರ್ತೀನಿ. ಒಂದು ಒಳ್ಳೇ ಹೆಸರು ಯೋಚ್ನೆ ಮಾಡ್ತಿದೀನಿ’ ಅಂತ. ಅಕ್ಕ ತೊಟ್ಟಿಲ ಮುಂದಿಂದ ಎದ್ದು ಹೋದ್ರು. ಮಾರನೇ ದಿನ..."

ಉಯ್ಯಾಲೆಯ ಸರಪಳಿ ಎರಡು ಸಲ ಕಿರುಗುಟ್ಟಿತು.

"ಎತ್ಕೊಂಡು ಹೋಗೋಕೆ ಮುಂಚೆ ಅತ್ತೆ ಹತ್ರ ಕತ್ತರಿ ಕೇಳ್ದೆ. ಯಾಕೆ ಅಂದ್ರು. ದಾರ ಕತ್ತರಿಸೋಕೆ ಅಂದೆ."

ಏಳು ದಿನದೊಳಗಿನ ಶಿಶುವಿನ ಕೂದಲು. ಅಂದರೆ ನನ್ನ ಪ್ರದರ್ಶನ ಶಾಸ್ತ್ರಕ್ಕೆ ಎಲ್ಲೂ ತಪ್ಪಿರಲಿಲ್ಲ.

"ಯಾವ ಹೆಸರು ಯೋಚ್ನೆ ಮಾಡಿದ್ರಿ?" ಎಂದು ಕೇಳಿದಳು. ನಲವತ್ತನಾಲ್ಕು ವರ್ಷ ಕಾದು ಕೇಳಿದ ಪ್ರಶ್ನೆ ಎಂದು ಕೇಳಿದ ರೀತಿಯಲ್ಲೇ ತಿಳಿಯುತ್ತಿತ್ತು.

ನಾನು ಯಾವ ಹೆಸರನ್ನೂ ಯೋಚಿಸಿರಲಿಲ್ಲ. ಪತ್ರಿಕೆಗಳ ಎರಡು ಕಟ್ಟು ಬಾಕಿ ಇತ್ತು. ಬರದಿರಲು ಒಂದು ಕಾರಣ ಬೇಕಿತ್ತು, ಬರೆದೆ. ಪೂರ್ವಾಂಗದಿಂದ ಶೀರ್ಷಪ್ರಹೇಲಿಕಾದವರೆಗೆ ಇಪ್ಪತ್ತೆಂಟು ಹೆಸರು ನಿದ್ದೆಯಲ್ಲೂ ಒಪ್ಪಿಸಬಲ್ಲ ನನಗೆ ಸುಳ್ಳಿಗಾದರೂ ಒಂದು ಹೆಸರು ಬಾಯಿಗೆ ಬರಲಿಲ್ಲ.

"ಯಾವುದೂ ಇಲ್ಲ," ಎಂದೆ.

ಅವಳು ತಲೆಯಾಡಿಸಿದಳು. "ನಾನು ಇಟ್ಟಿದೀನಿ."

"ಏನಂತ?"

ಎರಡು ಬಟ್ಟಲನ್ನೂ ತೆಗೆದು ನನ್ನ ಮಡಿಲಿಗಿಟ್ಟಳು. "ನೀವು ಲೆಕ್ಕದವರಲ್ವಾ. ಇದರಲ್ಲಿ ಅವಳದ್ದೆಲ್ಲ ಆರಿಸಿ ಭರಣಿಗೆ ಹಾಕಿ. ಕೊನೇದು ಸಿಕ್ಕಿದ ದಿನ ಹೇಳ್ತೀನಿ."

ಅಂದಿನಿಂದ ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಅಂಗಳದ ಬೆಳಕಿನಲ್ಲಿ ಚಾಪೆ ಹಾಸಿ ಕೂರುತ್ತೇವೆ. ಕಂಚನ ಸಾಮಾಯಿಕದ ಮರಳು ಗಡಿಯಾರ ತಿರುಗಿಸಿ ಇಡುತ್ತಾಳೆ. ನಲವತ್ತೆಂಟು ನಿಮಿಷ. ನನ್ನ ಕೈಯಲ್ಲಿ ಚಿಮಟ ಮತ್ತು ಭೂತಗನ್ನಡಿ. ಅವಳ ಕೈಯಲ್ಲಿ ಏನೂ ಇಲ್ಲ, ಎರಡು ಬೆರಳು ಮಾತ್ರ.

"ಇದು?" ಎನ್ನುತ್ತೇನೆ, ಗನ್ನಡಿಯ ಅಡಿಯಲ್ಲಿ ಪೂರ್ತಿ ಪರೀಕ್ಷೆ ಮಾಡಿ.

ಬೆರಳಲ್ಲಿ ಹೊಸೆದು ನೋಡುತ್ತಾಳೆ. "ಕುರಿ."

"ಇದು?"

"ಅದೂ ಕುರಿ. ನಿಮಗೆ ಮಗಳ್ಯಾರು ಕುರಿ ಯಾವುದು ತಿಳಿಯಲ್ವಾ?"

ಒಂಬತ್ತು, ಹತ್ತು ಚೂರು ಸಿಕ್ಕರೆ ಅದು ಒಳ್ಳೆಯ ದಿನ. ಸಿಕ್ಕಾಗ ಅವಳು ಏನಾದರೂ ಒಂದು ಹೇಳುತ್ತಾಳೆ. ಹುಟ್ಟಿದ ಮೂರನೆಯ ದಿನ ಮಗಳು ಎರಡು ಸಲ ಸೀನಿದಳು. ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಇತ್ತು. ದೇರಾಸರದ ಗಂಟೆ ಬಾರಿಸಿದರೆ ಹಾಲು ಬಿಟ್ಟು ಕೇಳುತ್ತಿದ್ದಳು. ಐದನೆಯ ದಿನ ಅತ್ತೆಯ ಬಳೆ ಹಿಡಿದುಕೊಂಡು ಬಿಡಲೇ ಇಲ್ಲ. ನಾನು ಕೇಳುತ್ತೇನೆ. ಗಣಿತದವನಾದ್ದರಿಂದ ಒಳಗೊಳಗೆ ಒಂದು ಹೆದರಿಕೆಯೂ ಇತ್ತು: ಏಳೇ ದಿನದಲ್ಲಿ ಒಂದು ಮಗು ಎಷ್ಟು ಕೆಲಸ ತಾನೇ ಮಾಡಿರುತ್ತದೆ? ಫಾಲ್ಗುಣದ ಹೊತ್ತಿಗೆ ಸೀನು ಎರಡನೆಯ ಸಲ ಬಂತು. ಬಳೆ ಮೂರನೆಯ ಸಲ. ನಾನು ಮೊದಲ ಸಲ ಕೇಳಿದವನ ಹಾಗೆಯೇ ಕೇಳಿದೆ.

ಚೈತ್ರದ ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬೇಗ ಬಂದುಬಿಟ್ಟೆ. ಬಾಗಿಲಲ್ಲಿ ನಿಂತೆ. ಕಂಚನ ಚಾಪೆಯ ಮೇಲೆ ನನಗೆ ಬೆನ್ನು ಹಾಕಿ ಕೂತಿದ್ದಳು. ಬೆಳ್ಳಿಯ ಭರಣಿ ತೆರೆದಿತ್ತು. ಅದರಿಂದ ಎರಡು ಬೆರಳಲ್ಲಿ ಒಂದು ಚಿಟಿಕೆ ತೆಗೆದು, ಹಿತ್ತಾಳೆ ಬಟ್ಟಲಿನ ಉಣ್ಣೆಯೊಳಗೆ ಉದುರಿಸಿ, ತೋರುಬೆರಳಿನಿಂದ ನಿಧಾನವಾಗಿ ಕಲಸಿದಳು. ಆಮೇಲೆ ಭರಣಿಯ ಮುಚ್ಚಳ ಹಾಕಿ ಸೆರಗಿನಿಂದ ಒರೆಸಿದಳು.

ಒಂದು ವಾರದಿಂದ ನನ್ನ ಲೆಕ್ಕ ಆರುನೂರ ಹನ್ನೊಂದರ ಮೇಲೆ ಏಕೆ ಏರುತ್ತಿಲ್ಲ ಎಂಬುದು ಗೊತ್ತಾಯಿತು. ನಾನು ಮೂರು ಸಲ ಎಣಿಸಿ, ತಲೆ ಕೆಡಿಸಿಕೊಂಡು, ಕನ್ನಡಕದ ನಂಬರು ಬದಲಾಯಿಸಿಕೊಂಡು ಬಂದಿದ್ದೆ.

ಎರಡು ಹೆಜ್ಜೆ ಹಿಂದೆ ಹೋಗಿ, ಕೆಮ್ಮಿ, ಬಂದು ಕೂತೆ. ನಲವತ್ತೆಂಟು ನಿಮಿಷ ಕುರಿ, ಮಗಳು, ಕುರಿ, ಕುರಿ ಎಂದು ಆರಿಸಿದೆವು. ಮರಳು ಇಳಿದು ಮುಗಿಯಿತು. ನಾನು ಭರಣಿಯಲ್ಲಿದ್ದುದನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಎಣಿಸಿದೆ.

"ಎಷ್ಟಾಯ್ತು?" ಎಂದಳು.

"ಆರುನೂರ ಹನ್ನೊಂದು."

"ನಿನ್ನೆ ಎಷ್ಟಿತ್ತು?" ಅವಳು ನನ್ನ ಕಡೆ ನೋಡಲಿಲ್ಲ.

ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು ನಾನು.

"ನೆನಪಿಲ್ಲ," ಎಂದೆ. "ಇವತ್ತಿಗೆ ಸಾಕಾ?"

"ಸಾಲದು," ಎಂದು ಕಂಚನ ಮರಳು ಗಡಿಯಾರವನ್ನು ತಿರುಗಿಸಿ ಇಟ್ಟಳು.